ಏಲಿಯನ್ ಚಲನಚಿತ್ರದ ಪರಿಕಲ್ಪನಾ ಚಿತ್ರಗಳು ಮತ್ತು ವಿನ್ಯಾಸ

ಏಲಿಯನ್ 1979ರಲ್ಲಿ ತೆರೆಕಂಡ, ರಿಡ್ಲೆ ಸ್ಕಾಟ್ ನಿರ್ದೇಶನದ ಇಂಗ್ಲಿಷ್ ಭಾಷೆಯ ವೈಜ್ಞಾನಿಕ ಭಯಾನಕ ಚಲನಚಿತ್ರ. ಚಿತ್ರೀಕರಣಕ್ಕೆ ಮುನ್ನ ರಚನೆಯಾದ ಪರಿಕಲ್ಪನಾ ಚಿತ್ರಗಳು ಒಂದು ಚಲನಚಿತ್ರದ ಸ್ವರೂಪವನ್ನೇ ನಿರ್ಧರಿಸಬಲ್ಲವು ಎಂಬುದಕ್ಕೆ ಈ ಚಿತ್ರವನ್ನು ಪ್ರಮುಖ ಉದಾಹರಣೆಯಾಗಿ ಉಲ್ಲೇಖಿಸಲಾಗುತ್ತದೆ. ಚಿತ್ರದಲ್ಲಿ ಬರುವ ಅನ್ಯಗ್ರಹ ಜೀವಿ, ಅದರ ಮೊಟ್ಟೆಗಳು ಹಾಗೂ ಪಾಳುಬಿದ್ದ ಅಪರಿಚಿತ ನೌಕೆಯನ್ನು ಸ್ವಿಟ್ಜರ್ಲೆಂಡಿನ ಚಿತ್ರಕಾರ ಎಚ್. ಆರ್. ಗೀಗರ್ ವಿನ್ಯಾಸಗೊಳಿಸಿದರು. ಮನುಷ್ಯರು ವಾಸಿಸುವ ನೌಕೆಯ ವಿನ್ಯಾಸ ಮುಖ್ಯವಾಗಿ ಅಮೆರಿಕದ ಚಿತ್ರಕಾರ ರಾನ್ ಕಾಬ್ ಅವರದು. ಫ್ರಾನ್ಸಿನ ಮೋಬಿಯಸ್ ಮತ್ತು ಬ್ರಿಟನ್ನಿನ ಕ್ರಿಸ್ ಫಾಸ್ ಕೂಡ ಈ ಕಾರ್ಯದಲ್ಲಿ ಭಾಗವಹಿಸಿದರು.

ಪರಸ್ಪರ ವಿರುದ್ಧವಾದ ಎರಡು ಕಲಾಶೈಲಿಗಳನ್ನು ಒಂದೇ ಕಥೆಯೊಳಗೆ ಎದುರುಬದುರಾಗಿ ನಿಲ್ಲಿಸಿದ್ದು ಈ ಚಿತ್ರದ ವೈಶಿಷ್ಟ್ಯ. ಮನುಷ್ಯರ ಲೋಕವು ಪರಿಚಿತವಾಗಿ, ಬಳಸಿ ಸವೆದದ್ದಾಗಿ ಕಾಣುತ್ತದೆ. ಅನ್ಯಗ್ರಹದ ಲೋಕವು ಮೂಳೆ ಯಾವುದು, ಯಂತ್ರ ಯಾವುದು ಎಂದು ಬೇರ್ಪಡಿಸಲಾಗದಂತೆ ಕಾಣುತ್ತದೆ. ಪ್ರೇಕ್ಷಕನು ಅನುಭವಿಸುವ ವಿಲಕ್ಷಣ ಭೀತಿಯು ಈ ಎರಡರ ನಡುವಿನ ಅಂತರದಿಂದ ಹುಟ್ಟುತ್ತದೆ.

ಪರಿಕಲ್ಪನಾ ಚಿತ್ರ ಎಂದರೇನು?

ಕಥೆಯಲ್ಲಿ ಅಕ್ಷರರೂಪದಲ್ಲಿರುವ ಸ್ಥಳ, ವಸ್ತು, ಉಡುಪು ಅಥವಾ ಜೀವಿಯು ತೆರೆಯ ಮೇಲೆ ಹೇಗೆ ಕಾಣಬೇಕೆಂಬುದನ್ನು ಮೊದಲ ಬಾರಿಗೆ ದೃಶ್ಯರೂಪಕ್ಕೆ ತರುವ ಚಿತ್ರವನ್ನು ಪರಿಕಲ್ಪನಾ ಚಿತ್ರವೆನ್ನುತ್ತಾರೆ. ಚಿತ್ರೋದ್ಯಮದಲ್ಲಿ ಇದು ಕಾನ್ಸೆಪ್ಟ್ ಆರ್ಟ್ ಎಂಬ ಹೆಸರಿನಿಂದಲೇ ಹೆಚ್ಚು ಬಳಕೆಯಲ್ಲಿದೆ. ದೃಶ್ಯಗಳ ಅನುಕ್ರಮವನ್ನು ಮತ್ತು ಕ್ಯಾಮೆರಾದ ಕೋನವನ್ನು ಸೂಚಿಸುವ ಸ್ಟೋರಿಬೋರ್ಡ್ ಇದಕ್ಕಿಂತ ಭಿನ್ನವಾದುದು. ಏನು ನಡೆಯುತ್ತದೆ ಎಂಬುದನ್ನು ಸ್ಟೋರಿಬೋರ್ಡ್ ತಿಳಿಸಿದರೆ, ಅದು ಎಂತಹ ಲೋಕದಲ್ಲಿ ನಡೆಯುತ್ತದೆ ಎಂಬುದನ್ನು ಪರಿಕಲ್ಪನಾ ಚಿತ್ರ ತಿಳಿಸುತ್ತದೆ.

ಈ ಪದ್ಧತಿಗೆ ದೀರ್ಘ ಇತಿಹಾಸವಿದೆ. 1920ರ ಜರ್ಮನ್ ಮೂಕಿಚಿತ್ರ ದಿ ಕ್ಯಾಬಿನೆಟ್ ಆಫ್ ಡಾ. ಕ್ಯಾಲಿಗರಿಯಲ್ಲಿ ಹರ್ಮನ್ ವಾರ್ಮ್, ವಾಲ್ಟರ್ ರೈಮನ್ ಮತ್ತು ವಾಲ್ಟರ್ ರೋರಿಗ್ ಎಂಬ ಕಲಾವಿದರು ಓರೆಯಾದ ಗೋಡೆಗಳನ್ನೂ ಬಣ್ಣದಲ್ಲಿ ಬರೆದ ನೆರಳುಗಳನ್ನೂ ಬಳಸಿ, ಕಥೆಯ ಮನೋವಿಕಾರವನ್ನು ಸೆಟ್ಟಿನಲ್ಲಿಯೇ ಮೂಡಿಸಿದ್ದರು. 1922ರ ನೊಸ್ಫೆರಾಟು ಚಿತ್ರದ ರಕ್ತಪಿಶಾಚಿಯ ರೂಪಕ್ಕೆ ಆಲ್ಬಿನ್ ಗ್ರಾವ್ ಅವರ ರೇಖಾಚಿತ್ರಗಳು ಆಧಾರವಾದವು. 1939ರ ಗಾನ್ ವಿತ್ ದ ವಿಂಡ್ ಚಿತ್ರದ ದೃಶ್ಯಗಳನ್ನು ವಿಲಿಯಂ ಕ್ಯಾಮರನ್ ಮೆಂಜೀಸ್ ಮುಂಚಿತವಾಗಿಯೇ ಚಿತ್ರಿಸಿದ್ದರು. 1970ರ ದಶಕದ ಮಧ್ಯಭಾಗದಲ್ಲಿ ರಾಲ್ಫ್ ಮೆಕ್‌ಕ್ವಾರಿ ರಚಿಸಿದ ವರ್ಣಚಿತ್ರಗಳು, ಸ್ಟಾರ್ ವಾರ್ಸ್ ಚಿತ್ರಕ್ಕೆ ಹಣ ಹೂಡುವಂತೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯನ್ನು ಒಪ್ಪಿಸುವಲ್ಲಿ ನೆರವಾದವು. 1977ರಲ್ಲಿ ಆ ಚಿತ್ರ ಗಳಿಸಿದ ಯಶಸ್ಸಿನ ಫಲವಾಗಿ, ಬಾಹ್ಯಾಕಾಶದ ಕಥೆಯುಳ್ಳ ಮತ್ತೊಂದು ಚಿತ್ರವನ್ನು ತಯಾರಿಸಲು ಅದೇ ಸಂಸ್ಥೆ ಮುಂದಾಯಿತು. ಆ ಚಿತ್ರವೇ ಏಲಿಯನ್.

ಹಿನ್ನೆಲೆ

ಚಿತ್ರಕಥೆಯನ್ನು ಬರೆದವರು ಡ್ಯಾನ್ ಓಬ್ಯಾನನ್. ಜಾನ್ ಕಾರ್ಪೆಂಟರ್ ಅವರೊಡನೆ ಸೇರಿ ಅವರು ರೂಪಿಸಿದ ಡಾರ್ಕ್ ಸ್ಟಾರ್ (1974) ಎಂಬ ಅಲ್ಪವೆಚ್ಚದ ಹಾಸ್ಯಚಿತ್ರದಲ್ಲಿ ಅನ್ಯಗ್ರಹ ಜೀವಿಯಾಗಿ ಕಾಣಿಸಿಕೊಂಡದ್ದು ಬಣ್ಣ ಬಳಿದ ಒಂದು ದೊಡ್ಡ ಗಾಳಿಚೆಂಡು. ಅಂತಹುದೇ ಕಥೆಯನ್ನು ನಗುವಿಗೆ ಬದಲಾಗಿ ಭಯ ಹುಟ್ಟಿಸುವಂತೆ ಬರೆಯಬೇಕೆಂಬ ಅವರ ಹಂಬಲ ಅಲ್ಲಿಂದ ಆರಂಭವಾಯಿತು.

1975ರಲ್ಲಿ ಅಲೆಹಾಂದ್ರೊ ಜೊಡೊರೊವ್ಸ್ಕಿ ಅವರು ಡ್ಯೂನ್ ಕಾದಂಬರಿಯನ್ನು ಚಲನಚಿತ್ರವಾಗಿಸಲು ಪ್ಯಾರಿಸ್ ನಗರದಲ್ಲಿ ಕಲಾವಿದರ ತಂಡವೊಂದನ್ನು ಕಟ್ಟಿದರು. ವಿಶೇಷ ಪರಿಣಾಮಗಳ ಹೊಣೆ ಹೊತ್ತು ಓಬ್ಯಾನನ್ ಅಲ್ಲಿಗೆ ತೆರಳಿದರು. ಗೀಗರ್, ಮೋಬಿಯಸ್ ಮತ್ತು ಕ್ರಿಸ್ ಫಾಸ್ ಅವರ ಪರಿಚಯವಾದದ್ದು ಅಲ್ಲಿಯೇ. ಹಣಕಾಸಿನ ನೆರವು ದೊರೆಯದೆ ಆ ಯೋಜನೆ ಕುಸಿಯಿತು. ಬರಿಗೈಯಲ್ಲಿ ಲಾಸ್ ಏಂಜಲೀಸ್‌ಗೆ ಮರಳಿದ ಓಬ್ಯಾನನ್, ಗೆಳೆಯ ರೊನಾಲ್ಡ್ ಶುಸೆಟ್ ಅವರ ಮನೆಯಲ್ಲಿ ಆಶ್ರಯ ಪಡೆದರು. ಅಲ್ಲಿ ಇಬ್ಬರೂ ಕೂಡಿ ರೂಪಿಸಿದ ಕಥೆಗೆ ಆರಂಭದಲ್ಲಿ ಸ್ಟಾರ್ ಬೀಸ್ಟ್ ಎಂಬ ಹೆಸರಿತ್ತು. ಪ್ಯಾರಿಸ್ಸಿನಲ್ಲಿ ಕಂಡ ಗೀಗರ್ ಅವರ ಚಿತ್ರಗಳು ಮನಸ್ಸಿನಿಂದ ಮಾಸದಿದ್ದುದರಿಂದ, ತಾವು ಬರೆಯುತ್ತಿದ್ದ ಜೀವಿಯನ್ನು ಗೀಗರ್ ಅವರ ಕಲ್ಪನೆಯ ಜೀವಿಯಾಗಿಯೇ ಭಾವಿಸಿದ್ದಾಗಿ ಓಬ್ಯಾನನ್ ಮುಂದೆ ಹೇಳಿಕೊಂಡಿದ್ದಾರೆ. ಹೀಗೆ ತಯಾರಾಗದೇ ಉಳಿದ ಒಂದು ಚಿತ್ರದ ಕಲಾವಿದರು ಮತ್ತೊಂದು ಚಿತ್ರದ ರೂಪಕರಾದರು.

ನಿರ್ದೇಶಕ ಸ್ಕಾಟ್ ಸ್ವತಃ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಶಿಕ್ಷಣ ಪಡೆದವರು. ಅವರು ಇಡೀ ಕಥೆಗೆ ವಿವರವಾದ ಸ್ಟೋರಿಬೋರ್ಡ್ ರಚಿಸಿ ತೋರಿಸಿದಾಗ, ನಿರ್ಮಾಣ ಸಂಸ್ಥೆಯು ಚಿತ್ರದ ಆಯವ್ಯಯವನ್ನು ಸುಮಾರು 42 ಲಕ್ಷ ಡಾಲರುಗಳಿಂದ 84 ಲಕ್ಷ ಡಾಲರುಗಳಿಗೆ, ಅಂದರೆ ಎರಡರಷ್ಟಕ್ಕೆ ಏರಿಸಿತು. ಒಂದು ಅಡಿ ರೀಲೂ ಸುತ್ತುವ ಮೊದಲೇ ಕಾಗದದ ಮೇಲಿನ ರೇಖೆಗಳು ತಮ್ಮ ಬೆಲೆಯನ್ನು ಸಾಧಿಸಿ ತೋರಿಸಿದ್ದವು.

ಕಥಾಸಾರಾಂಶ

ಖನಿಜವನ್ನು ಹೊತ್ತು ಭೂಮಿಗೆ ಮರಳುತ್ತಿರುವ ನೊಸ್ಟ್ರೊಮೊ ಎಂಬ ಸರಕು ನೌಕೆಯಲ್ಲಿ ಏಳು ಮಂದಿ ಸಿಬ್ಬಂದಿಯಿದ್ದಾರೆ. ಅಪರಿಚಿತ ಸಂಕೇತವೊಂದನ್ನು ಹಿಂಬಾಲಿಸಿ ಅವರು ನಿರ್ಜನವಾದ ಗೋಳವೊಂದರಲ್ಲಿ ಇಳಿಯುತ್ತಾರೆ. ಅಲ್ಲಿ ಪಾಳುಬಿದ್ದ ಬೃಹತ್ ನೌಕೆಯೊಂದರಲ್ಲಿ ಕಲ್ಲಾದಂತಿರುವ ಚಾಲಕನ ಶವವೂ, ಅದರ ಕೆಳಗಿನ ಅಂಕಣದಲ್ಲಿ ಸಾಲುಸಾಲು ಮೊಟ್ಟೆಗಳೂ ಕಾಣಸಿಗುತ್ತವೆ. ಮೊಟ್ಟೆಯಿಂದ ಹಾರಿದ ಜೀವಿಯು ಕೇನ್ ಎಂಬಾತನ ಮುಖವನ್ನು ಕವಿದು, ಅವನ ದೇಹದೊಳಗೆ ಮತ್ತೊಂದು ಜೀವವನ್ನು ನೆಡುತ್ತದೆ. ಅದು ಅವನ ಎದೆಯನ್ನು ಸೀಳಿ ಹೊರಬಂದು ಬೆಳೆದು, ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಕೊಲ್ಲುತ್ತದೆ. ಕೊನೆಗೆ ಉಳಿಯುವವಳು ರಿಪ್ಲಿ ಎಂಬ ಅಧಿಕಾರಿಣಿ. ಈ ಪಾತ್ರವನ್ನು ಸಿಗೋರ್ನಿ ವೀವರ್ ನಿರ್ವಹಿಸಿದ್ದಾರೆ.

ಎಚ್. ಆರ್. ಗೀಗರ್

ಹಾನ್ಸ್ ರೂಡಿ ಗೀಗರ್ 1940ರ ಫೆಬ್ರುವರಿ 5ರಂದು ಸ್ವಿಟ್ಜರ್ಲೆಂಡಿನ ಖೂರ್ ಪಟ್ಟಣದಲ್ಲಿ ಔಷಧ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಜ್ಯೂರಿಕ್ ನಗರದಲ್ಲಿ ವಾಸ್ತುಶಿಲ್ಪ ಮತ್ತು ಕೈಗಾರಿಕಾ ವಿನ್ಯಾಸವನ್ನು ಅಭ್ಯಾಸ ಮಾಡಿದರು. ರಾತ್ರಿ ಕಾಡುತ್ತಿದ್ದ ಭಯಂಕರ ಸ್ವಪ್ನಗಳಿಂದ ಪಾರಾಗಲು ಅವುಗಳನ್ನು ಚಿತ್ರಿಸುವುದೇ ತಮಗೆ ಚಿಕಿತ್ಸೆಯಾಗಿತ್ತು ಎಂದು ಅವರು ಹೇಳಿಕೊಂಡಿದ್ದಾರೆ.

ಬಣ್ಣವನ್ನು ಗಾಳಿಯ ಒತ್ತಡದಿಂದ ಮಂಜಿನಂತೆ ಸಿಂಪಡಿಸುವ ಏರ್‌ಬ್ರಷ್ ಅವರ ಮುಖ್ಯ ಉಪಕರಣ. ಕುಂಚದ ಗುರುತೇ ಕಾಣದಂತೆ ನುಣುಪಾಗಿ ಮೂಡುವ ಬೂದು, ಕಂದು ಮತ್ತು ಕಪ್ಪು ಛಾಯೆಗಳಲ್ಲಿ ಅವರು ಪಕ್ಕೆಲುಬು, ಬೆನ್ನುಹುರಿ, ಕೊಳವೆ, ತಂತಿ ಮತ್ತು ಲೋಹದ ಕೀಲುಗಳನ್ನು ಒಂದರೊಳಗೊಂದು ಬೆಸೆದರು. ತಮ್ಮ ಈ ಶೈಲಿಯನ್ನು ಅವರು ಜೈವಯಾಂತ್ರಿಕ ಎಂಬ ಅರ್ಥದ ಪದದಿಂದ ಕರೆದರು. ಎಮರ್ಸನ್, ಲೇಕ್ ಅಂಡ್ ಪಾಮರ್ ವಾದ್ಯವೃಂದವು 1973ರಲ್ಲಿ ಹೊರತಂದ ಬ್ರೈನ್ ಸಾಲಡ್ ಸರ್ಜರಿ ಧ್ವನಿಮುದ್ರಿಕೆಯ ಹೊದಿಕೆ ಅವರ ಆರಂಭಿಕ ಪ್ರಸಿದ್ಧ ಕೃತಿಗಳಲ್ಲೊಂದು.

1977ರಲ್ಲಿ ಅವರ ಚಿತ್ರಗಳ ಸಂಪುಟ ನೆಕ್ರೊನಾಮಿಕಾನ್ ಪ್ರಕಟವಾಯಿತು. ಓಬ್ಯಾನನ್ ಈ ಸಂಪುಟವನ್ನು ಸ್ಕಾಟ್ ಅವರ ಮುಂದಿಟ್ಟರು. ಅದರಲ್ಲಿದ್ದ ನೆಕ್ರೊನಾಮ್ 4 (1976) ಎಂಬ ಚಿತ್ರವನ್ನು ಕಂಡೊಡನೆ ತಮಗೆ ಬೇಕಾದ ಜೀವಿ ದೊರಕಿತೆಂದು ಸ್ಕಾಟ್ ನಿಶ್ಚಯಿಸಿದರು. ಹಿಂದಕ್ಕೆ ಬಹು ಉದ್ದವಾಗಿ ಚಾಚಿದ ತಲೆ, ಮನುಷ್ಯನನ್ನು ಹೋಲುವ ಮುಂಡ ಮತ್ತು ಮೂಳೆಯ ಕೊಳವೆಗಳಂತಹ ಅಂಗಗಳು ಆ ಚಿತ್ರದಲ್ಲಿ ಆಗಲೇ ಇದ್ದವು. ಈ ಚಿತ್ರಗಳು ಪ್ರೇಕ್ಷಕರಿಗೆ ಅತಿ ಘೋರವೆನಿಸಬಹುದೆಂದು ನಿರ್ಮಾಣ ಸಂಸ್ಥೆ ಮೊದಲು ಅಳುಕಿತು. ನಿರ್ಮಾಪಕರ ತಂಡವು ಪಟ್ಟುಹಿಡಿದ ಮೇಲೆ ಗೀಗರ್ ಅವರ ನೇಮಕಕ್ಕೆ ಸಮ್ಮತಿ ದೊರೆಯಿತು.

ಮನುಷ್ಯರ ಲೋಕ: ನೊಸ್ಟ್ರೊಮೊ

ಮನುಷ್ಯರ ನೌಕೆ ಮತ್ತು ಅನ್ಯಗ್ರಹದ ನೌಕೆಯನ್ನು ಬೇರೆ ಬೇರೆ ಕಲಾವಿದರೇ ವಿನ್ಯಾಸಗೊಳಿಸಬೇಕೆಂಬುದು ಚಿತ್ರತಂಡದ ಮಹತ್ವದ ತೀರ್ಮಾನವಾಗಿತ್ತು. ಒಬ್ಬನೇ ಕಲಾವಿದ ಎರಡನ್ನೂ ಬರೆದರೆ ಎಲ್ಲಿಯೋ ಒಂದೆಡೆ ಒಂದೇ ಕೈಯ ಹೋಲಿಕೆ ಇಣುಕುವುದು ಸಹಜ. ಕೈಗಳು ಬೇರೆಯಾದಾಗ ಆ ಎರಡು ಲೋಕಗಳ ತರ್ಕವೂ ಬೇರೆಯಾಗುತ್ತದೆ.

ರಾನ್ ಕಾಬ್ ಮೂಲತಃ ರಾಜಕೀಯ ವ್ಯಂಗ್ಯಚಿತ್ರಕಾರರು. ಡಾರ್ಕ್ ಸ್ಟಾರ್ ಚಿತ್ರದ ನೌಕೆಯ ವಿನ್ಯಾಸದಲ್ಲಿಯೂ ಅವರ ಪಾತ್ರವಿತ್ತು. ಎಂಜಿನಿಯರನಂತೆ ಯೋಚಿಸುವುದು ಅವರ ರೀತಿ. ನೌಕೆಯ ಪ್ರತಿಯೊಂದು ಭಾಗಕ್ಕೂ ಒಂದು ಕಾರ್ಯವಿರಬೇಕು, ಆ ಕಾರ್ಯದಿಂದಲೇ ಅದರ ಆಕಾರ ಹುಟ್ಟಬೇಕು ಎಂಬ ನಿಯಮವನ್ನು ಅವರು ಪಾಲಿಸಿದರು. ಬಾಗಿಲು, ಶೈತ್ಯಕೊಠಡಿ, ಕೃತಕ ಗುರುತ್ವವಿಲ್ಲದ ವಲಯ ಮೊದಲಾದವುಗಳನ್ನು ಸೂಚಿಸುವ ಸಣ್ಣ ಚಿಹ್ನೆಗಳ ಒಂದು ಸಂಪೂರ್ಣ ಮಾಲೆಯನ್ನೇ ಅವರು ರಚಿಸಿದರು. ಪ್ರೇಕ್ಷಕರಲ್ಲಿ ಹೆಚ್ಚಿನವರು ಇವುಗಳನ್ನು ಬಿಡಿಯಾಗಿ ಗಮನಿಸುವುದಿಲ್ಲ. ಆದರೆ ಇದು ಜನರು ನಿತ್ಯ ದುಡಿಯುವ ಜಾಗ ಎಂಬ ನಂಬಿಕೆಯನ್ನು ಅವು ಮೂಡಿಸುತ್ತವೆ. ಜೀವಿಯ ರಕ್ತವು ಲೋಹವನ್ನೂ ಕರಗಿಸುವ ಆಮ್ಲವಾಗಿರಬೇಕೆಂಬ ಸಲಹೆಯೂ ಕಾಬ್ ಅವರದೇ. ಸಿಬ್ಬಂದಿ ಅದನ್ನು ಗುಂಡಿಟ್ಟು ಏಕೆ ಕೊಲ್ಲಬಾರದು ಎಂಬ ಕಥೆಯ ತೊಡಕು ಇದರಿಂದ ಪರಿಹಾರವಾಯಿತು.

ಗಗನಯಾತ್ರಿಗಳ ಉಡುಪು ಮೋಬಿಯಸ್ ಅವರ ರೇಖಾಚಿತ್ರಗಳನ್ನು ಆಧರಿಸಿದೆ. ಜ್ಯಾಂ ಜಿರೋ ಎಂಬುದು ಈ ಫ್ರೆಂಚ್ ಕಾಮಿಕ್ಸ್ ಕಲಾವಿದರ ನಿಜನಾಮ. ಅವರು ಈ ಚಿತ್ರಕ್ಕಾಗಿ ಕೆಲಸ ಮಾಡಿದ್ದು ಕೆಲವೇ ದಿನಗಳ ಕಾಲ. ಅವರ ರೇಖೆಗಳನ್ನು ವಸ್ತ್ರರೂಪಕ್ಕೆ ತಂದವರು ವಸ್ತ್ರವಿನ್ಯಾಸಕ ಜಾನ್ ಮೊಲ್ಲೊ.

ಸೆಟ್ಟುಗಳನ್ನು ಇಂಗ್ಲೆಂಡಿನ ಷೆಪರ್ಟನ್ ಸ್ಟುಡಿಯೋದಲ್ಲಿ ನಿರ್ಮಿಸಿ, 1978ರ ಜುಲೈನಿಂದ ಅಕ್ಟೋಬರ್‌ವರೆಗೆ ಚಿತ್ರೀಕರಣ ನಡೆಸಲಾಯಿತು. ಮೈಕೆಲ್ ಸೀಮೋರ್ ನಿರ್ಮಾಣ ವಿನ್ಯಾಸಕರಾಗಿದ್ದರು. ಲೆಸ್ ಡಿಲೆ ಮತ್ತು ರೋಜರ್ ಕ್ರಿಶ್ಚಿಯನ್ ಕಲಾ ನಿರ್ದೇಶಕರಾಗಿದ್ದರು. ಸ್ಟಾರ್ ವಾರ್ಸ್ ಚಿತ್ರದಲ್ಲಿ ಪ್ರಯೋಗಿಸಿದಂತೆಯೇ ಇಲ್ಲಿಯೂ ಕ್ರಿಶ್ಚಿಯನ್ ಅವರು ಹಳೆಯ ವಿಮಾನಗಳ ಗುಜರಿ ಬಿಡಿಭಾಗಗಳನ್ನು ಗೋಡೆ ಮತ್ತು ಚಾವಣಿಗಳಿಗೆ ಜೋಡಿಸಿದರು. ಕೊಠಡಿ ಮತ್ತು ಓಣಿಗಳು ಒಂದಕ್ಕೊಂದು ಕೂಡಿಕೊಂಡಿದ್ದವು, ಚಾವಣಿ ತಗ್ಗಾಗಿತ್ತು. ನಟರು ನಿಜವಾಗಿಯೂ ಒಂದೆಡೆಯಿಂದ ಮತ್ತೊಂದೆಡೆಗೆ ನಡೆದುಹೋಗಬೇಕಾಗಿದ್ದುದರಿಂದ, ಹೊರಗೆ ಹೋಗಲು ದಾರಿಯಿಲ್ಲವೆಂಬ ಉಸಿರುಕಟ್ಟುವ ಭಾವ ಅವರ ಅಭಿನಯದಲ್ಲಿಯೂ ಬಂದಿದೆ.

ಅನ್ಯಗ್ರಹದ ಲೋಕ: ಪಾಳು ನೌಕೆ ಮತ್ತು ಚಾಲಕ

ಗೀಗರ್ ಬರೆದ ಪಾಳು ನೌಕೆಯಲ್ಲಿ ಎಂಜಿನ್, ರೆಕ್ಕೆ, ಕಿಟಕಿ ಇತ್ಯಾದಿ ಯಾವುದನ್ನೂ ಗುರುತಿಸಲು ಸಾಧ್ಯವಿಲ್ಲ. ಬಾಗಿದ ಎರಡು ಕೊಂಬುಗಳಂತೆ ನೆಲದ ಮೇಲೆ ಒರಗಿರುವ ಅದರ ಆಕಾರ ಎರಡೂ ಬದಿಯಲ್ಲಿ ಸಮನಾಗಿಯೂ ಇಲ್ಲ. ಅದನ್ನು ಯಾರೋ ಕಟ್ಟಿದರೋ ಅಥವಾ ಅದು ತಾನಾಗಿ ಬೆಳೆಯಿತೋ ಎಂಬ ಸಂದೇಹ ನೋಡುವವರಲ್ಲಿ ಹುಟ್ಟುತ್ತದೆ. ಒಳಗಿನ ಓಣಿಗಳು ದೊಡ್ಡ ಪ್ರಾಣಿಯೊಂದರ ಗಂಟಲಿನಂತೆಯೋ ಪಕ್ಕೆಲುಬಿನ ಗೂಡಿನಂತೆಯೋ ಕಾಣುತ್ತವೆ. ಮೂಲ ಚಿತ್ರಕಥೆಯಲ್ಲಿ ಮೊಟ್ಟೆಗಳಿಗಾಗಿ ಪ್ರತ್ಯೇಕವಾದ ಪಿರಮಿಡ್ಡಿನಂತಹ ಕಟ್ಟಡವಿತ್ತು. ವೆಚ್ಚ ತಗ್ಗಿಸುವ ಸಲುವಾಗಿ ಅದನ್ನು ಕೈಬಿಟ್ಟು, ಮೊಟ್ಟೆಗಳನ್ನು ಇದೇ ನೌಕೆಯೊಳಗೆ ಇರಿಸಲಾಯಿತು.

ನೌಕೆಯ ಚಾಲಕನ ಶವವು ಅಭಿಮಾನಿಗಳ ನಡುವೆ ಸ್ಪೇಸ್ ಜಾಕಿ ಎಂದು ಪ್ರಸಿದ್ಧವಾಗಿದೆ. ಸುಮಾರು 8 ಮೀಟರ್ ಎತ್ತರದ ಈ ಆಕೃತಿಯಲ್ಲಿ ದೇಹ ಮತ್ತು ಆಸನ ಒಂದೇ ಆಗಿ ಬೆಸೆದುಕೊಂಡಿವೆ. ಒಂದೇ ದೃಶ್ಯಕ್ಕಾಗಿ ಇಷ್ಟು ಖರ್ಚು ಬೇಡವೆಂದು ನಿರ್ಮಾಣ ಸಂಸ್ಥೆ ಆಕ್ಷೇಪಿಸಿತ್ತು. ಹೊರಮುಖವಾಗಿ ಮಡಿದ ಅದರ ಪಕ್ಕೆಲುಬುಗಳನ್ನು ಸಿಬ್ಬಂದಿಯೊಬ್ಬರು ಗಮನಿಸುತ್ತಾರೆ. ಮುಂದೆ ಕೇನ್‌ಗೆ ಒದಗಲಿರುವ ಮರಣವನ್ನು ಆ ಎಲುಬುಗಳು ಮೊದಲೇ ಸೂಚಿಸುತ್ತವೆ. ಚಾಲಕ ಯಾರು, ಎಲ್ಲಿಂದ ಬಂದ ಎಂಬ ಪ್ರಶ್ನೆಗಳಿಗೆ ಈ ಚಿತ್ರದಲ್ಲಿ ಉತ್ತರವಿಲ್ಲ.

ಸೆಟ್ಟನ್ನು ಇನ್ನಷ್ಟು ದೊಡ್ಡದಾಗಿ ತೋರಿಸಲು ಸ್ಕಾಟ್ ಒಂದು ಸರಳ ಉಪಾಯ ಮಾಡಿದರು. ತಮ್ಮ ಇಬ್ಬರು ಗಂಡುಮಕ್ಕಳನ್ನೂ ಸೇರಿಸಿ ಮಕ್ಕಳಿಗೆ ಪುಟ್ಟ ಅಳತೆಯ ಗಗನಯಾತ್ರಿ ಉಡುಪು ತೊಡಿಸಿ ದೂರದ ದೃಶ್ಯದಲ್ಲಿ ನಿಲ್ಲಿಸಿದರು. ಇದೇ ಸೆಟ್ಟಿನಿಂದ ಚಾಲಕನ ಆಕೃತಿಯನ್ನು ತೆಗೆದು, ಅಲಂಕಾರವನ್ನು ಬದಲಿಸಿ ಮೊಟ್ಟೆಗಳ ಅಂಕಣವನ್ನಾಗಿ ಬಳಸಲಾಯಿತು. ಮೊಟ್ಟೆಗಳ ಮೇಲೆ ಹರಡಿರುವ ನೀಲಿ ಬೆಳಕಿನ ಪದರಕ್ಕೆ ಬೇಕಾದ ಲೇಸರ್ ಉಪಕರಣವನ್ನು, ಪಕ್ಕದಲ್ಲಿಯೇ ತಮ್ಮ ವೇದಿಕೆ ಪ್ರದರ್ಶನಕ್ಕಾಗಿ ಲೇಸರ್ ಪರೀಕ್ಷಿಸುತ್ತಿದ್ದ ದ ಹೂ ಎಂಬ ರಾಕ್ ತಂಡದಿಂದ ಎರವಲು ಪಡೆಯಲಾಗಿತ್ತು.

ಜೀವಿಯ ಹಂತಗಳು

ಮೊಟ್ಟೆ: ಗೀಗರ್ ಮೊದಲು ಬರೆದ ಮೊಟ್ಟೆಯ ಬಾಯಿ ಒಂದೇ ಉದ್ದನೆಯ ಸೀಳಾಗಿತ್ತು. ಅದು ಸ್ತ್ರೀದೇಹವನ್ನು ಅತಿ ಸ್ಪಷ್ಟವಾಗಿ ನೆನಪಿಸುತ್ತದೆಂಬ ಆಕ್ಷೇಪ ಬಂದುದರಿಂದ, ಅವರು ಅಡ್ಡಲಾಗಿ ಮತ್ತೊಂದು ಸೀಳನ್ನು ಸೇರಿಸಿದರು. ಹೀಗೆ ನಾಲ್ಕು ದಳಗಳಾಗಿ ಅರಳುವ ರೂಪ ಸಿದ್ಧವಾಯಿತು. ಒಳಭಾಗಕ್ಕೆ ಕಸಾಯಿಖಾನೆಯಿಂದ ತಂದ ದನದ ಜಠರದ ಪೊರೆಯನ್ನು ಬಳಸಲಾಯಿತು. ಮೊಟ್ಟೆಯೊಳಗೆ ಮಿಡುಕುವ ಆಕೃತಿಯಾಗಿ ಕಾಣುವುದು ರಬ್ಬರ್ ಕೈಚೀಲ ತೊಟ್ಟ ಸ್ಕಾಟ್ ಅವರ ಕೈಗಳು.

ಮುಖ ಕವಿಯುವ ಜೀವಿ: ಮನುಷ್ಯನ ಬೆರಳುಗಳನ್ನು ಹೋಲುವ ಕಾಲುಗಳು ಮತ್ತು ಕತ್ತಿಗೆ ಸುತ್ತಿಕೊಳ್ಳುವ ಬಾಲ ಇದರ ಲಕ್ಷಣ. ಗೀಗರ್ ಅವರ ಮೊದಲ ಕರಡಿನಲ್ಲಿ ಇದು ಬಹಳ ದೊಡ್ಡದಾಗಿತ್ತು. ಅನಂತರ ಮುಖದ ಅಳತೆಗೆ ಇಳಿಸಲಾಯಿತು. ಸತ್ತ ಜೀವಿಯನ್ನು ಪರೀಕ್ಷಿಸುವ ದೃಶ್ಯದಲ್ಲಿ ಕಾಣುವ ಒಳಾಂಗಗಳು ವಾಸ್ತವವಾಗಿ ಚಿಪ್ಪುಮೀನು ಮತ್ತು ಕುರಿಯ ಮೂತ್ರಪಿಂಡ.

ಎದೆ ಸೀಳುವ ಜೀವಿ: ಇದರ ರೂಪಕ್ಕೆ ಫ್ರಾನ್ಸಿಸ್ ಬೇಕನ್ ಅವರು 1944ರಲ್ಲಿ ರಚಿಸಿದ, ಶಿಲುಬೆಯ ಬುಡದಲ್ಲಿರುವ ಮೂರು ಆಕೃತಿಗಳ ವರ್ಣಚಿತ್ರವನ್ನು ಸ್ಕಾಟ್ ಮಾದರಿಯಾಗಿ ಸೂಚಿಸಿದರು. ಆ ಚಿತ್ರದಲ್ಲಿ ಉದ್ದನೆಯ ಕತ್ತಿನ ತುದಿಯಲ್ಲಿ ಬಾಯಿಯಷ್ಟೇ ಉಳಿದಿರುವ ಆಕೃತಿಯಿದೆ. ಈ ಜೀವಿಯ ಗೊಂಬೆಯನ್ನು ತಯಾರಿಸಿದವರು ರೋಜರ್ ಡಿಕನ್. ದೃಶ್ಯದ ಚಿತ್ರೀಕರಣದಲ್ಲಿ ಎಷ್ಟು ರಕ್ತ ಚಿಮ್ಮಲಿದೆ ಎಂಬುದನ್ನು ಸಹನಟರಿಗೆ ಪೂರ್ತಿಯಾಗಿ ತಿಳಿಸಿರಲಿಲ್ಲ. ತೆರೆಯ ಮೇಲೆ ಕಾಣುವ ಅವರ ಬೆಚ್ಚುವಿಕೆಯಲ್ಲಿ ಬಹುಪಾಲು ನೈಜವಾದುದು.

ಪ್ರೌಢ ಜೀವಿ: ನೆಕ್ರೊನಾಮ್ 4 ಚಿತ್ರದಲ್ಲಿದ್ದ ದೊಡ್ಡ ಕಣ್ಣುಗಳನ್ನು ಗೀಗರ್ ಇಲ್ಲಿ ತೆಗೆದುಹಾಕಿದರು. ಕಣ್ಣಿಲ್ಲದ ಜೀವಿ ಯಾರನ್ನು ನೋಡುತ್ತಿದೆ, ಏನನ್ನು ಯೋಚಿಸುತ್ತಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಉದ್ದನೆಯ ಅರೆಪಾರದರ್ಶಕ ತಲೆಯ ಮುಂಭಾಗದಲ್ಲಿ ನಿಜವಾದ ಮನುಷ್ಯನ ತಲೆಬುರುಡೆಯನ್ನು ಅಳವಡಿಸಲಾಗಿತ್ತು. ನಾಲಗೆಯ ಸ್ಥಾನದಲ್ಲಿ ಹಲ್ಲುಗಳುಳ್ಳ ಎರಡನೆಯ ಬಾಯಿ ಇದೆ. ಷೆಪರ್ಟನ್‌ನಲ್ಲಿ ಗೀಗರ್ ಮೂಳೆ, ಮೇಣದಂತಹ ಜೇಡಿ ಮತ್ತು ಯಂತ್ರಗಳ ಬಿಡಿಭಾಗಗಳನ್ನು ಕೂಡಿಸಿ ದೇಹವನ್ನು ತಾವೇ ಕೈಯಿಂದ ರೂಪಿಸಿದರು. ತಲೆ ಮತ್ತು ದವಡೆಗಳ ಚಲನೆಯ ಯಂತ್ರವ್ಯವಸ್ಥೆಯನ್ನು ಇಟಲಿಯ ಕಾರ್ಲೊ ರಾಂಬಾಲ್ಡಿ ನಿರ್ಮಿಸಿದರು.

ಜೀವಿಯ ಉಡುಪನ್ನು ಧರಿಸಿದವರು ಬೊಲಾಜಿ ಬಡೇಜೊ. ಲಂಡನ್ನಿನಲ್ಲಿ ಕಲಾ ವಿದ್ಯಾರ್ಥಿಯಾಗಿದ್ದ ನೈಜೀರಿಯಾ ಮೂಲದ ಈ ತರುಣನ ಎತ್ತರ ಸುಮಾರು ಏಳು ಅಡಿ. ಪಬ್ ಒಂದರಲ್ಲಿ ಅವರನ್ನು ಕಂಡವರೊಬ್ಬರು ಚಿತ್ರತಂಡಕ್ಕೆ ಪರಿಚಯಿಸಿದರು. ನೀಳವಾದ ಕೈಕಾಲುಗಳುಳ್ಳ ಅವರ ಮೈಕಟ್ಟಿನಿಂದಾಗಿ, ಉಡುಪಿನೊಳಗೆ ಮನುಷ್ಯನಿದ್ದಾನೆಂಬ ಶಂಕೆಯೇ ಪ್ರೇಕ್ಷಕರಿಗೆ ಬರುವುದಿಲ್ಲ. ಚಲನೆಯ ಅಭ್ಯಾಸಕ್ಕಾಗಿ ಅವರು ಮೂಕಾಭಿನಯ ಮತ್ತು ತಾಯ್ ಚಿ ತರಬೇತಿ ಪಡೆದರು. ಬಾಲವಿದ್ದ ಕಾರಣ ಕುರ್ಚಿಯಲ್ಲಿ ಕುಳಿತುಕೊಳ್ಳಲಾಗದ ಅವರಿಗಾಗಿ ಬಿಡುವಿನ ವೇಳೆಯಲ್ಲಿ ತೂಗುಮಣೆಯೊಂದನ್ನು ಕಟ್ಟಿಕೊಡಲಾಗಿತ್ತು.

ಮರೆಮಾಚುವ ತಂತ್ರ

ಸುಮಾರು ಎರಡು ಗಂಟೆಗಳ ಈ ಚಿತ್ರದಲ್ಲಿ ಪ್ರೌಢ ಜೀವಿಯು ತೆರೆಯ ಮೇಲೆ ಕಾಣಿಸಿಕೊಳ್ಳುವುದು ಕೆಲವೇ ನಿಮಿಷ. ಅದರ ಇಡೀ ದೇಹವನ್ನು ಒಟ್ಟಿಗೆ ತೋರಿಸುವ ದೃಶ್ಯಗಳು ಇನ್ನೂ ವಿರಳ. ಒಮ್ಮೆ ಹಲ್ಲು, ಒಮ್ಮೆ ಕೈ, ಒಮ್ಮೆ ಹೊಳೆಯುವ ತಲೆಯ ಅಂಚು ಮಾತ್ರ ಕಾಣುತ್ತವೆ. ರಬ್ಬರ್ ಉಡುಪನ್ನು ಪೂರ್ಣ ಬೆಳಕಿನಲ್ಲಿ ನಿಲ್ಲಿಸಿದರೆ ಭ್ರಮೆ ಮುರಿಯುತ್ತದೆಂಬುದು ಇದಕ್ಕೆ ಪ್ರಾಯೋಗಿಕ ಕಾರಣ. ಆದರೆ ವಿನ್ಯಾಸವೂ ಈ ತಂತ್ರಕ್ಕೆ ಹೊಂದಿಕೊಂಡಿದೆ. ಕೊಳವೆ, ತಂತಿ ಮತ್ತು ನೆರಳುಗಳಿಂದ ತುಂಬಿದ ನೊಸ್ಟ್ರೊಮೊದ ಗೋಡೆಗೆ, ಕೊಳವೆಗಳಂತಹ ಮೈಯುಳ್ಳ ಜೀವಿಯು ಸುಲಭವಾಗಿ ಅಂಟಿ ಮರೆಯಾಗಬಲ್ಲದು. ಕೊನೆಯ ಭಾಗದಲ್ಲಿ ರಿಪ್ಲಿ ತಾನು ಪಾರಾದೆನೆಂದು ಭಾವಿಸುವಾಗ, ಯಂತ್ರಗಳ ನಡುವೆ ಯಂತ್ರವಾಗಿ ಮಲಗಿದ್ದ ಜೀವಿಯು ಕೈಚಾಚುತ್ತದೆ. ಕಾಬ್ ಅವರ ಲೋಕ ಮತ್ತು ಗೀಗರ್ ಅವರ ಲೋಕ ಒಂದಾಗಿಬಿಡುವ ಕ್ಷಣ ಅದು.

ಆಕರ್ಷಣೆಯ ಕಾರಣಗಳು

ಭೀತಿ ಹುಟ್ಟಿಸುವ ರೂಪಗಳನ್ನು ಜನರು ಹಣ ಕೊಟ್ಟು ನೋಡಬಯಸುವುದೇಕೆ ಎಂಬ ಪ್ರಶ್ನೆಗೆ ಹಲವು ಬಗೆಯ ಉತ್ತರಗಳಿವೆ.

ಸಿಗ್ಮಂಡ್ ಫ್ರಾಯ್ಡ್ 1919ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ವಿಲಕ್ಷಣ ಭೀತಿಯು ಸಂಪೂರ್ಣ ಅಪರಿಚಿತವಾದುದರಿಂದ ಹುಟ್ಟುವುದಿಲ್ಲ, ಹಿಂದೆ ಪರಿಚಿತವಾಗಿದ್ದು ಮರೆಯಾದದ್ದು ಬೇರೆ ರೂಪದಲ್ಲಿ ಮರಳಿದಾಗ ಹುಟ್ಟುತ್ತದೆ ಎಂದು ವಾದಿಸಿದರು. ಈ ಭಾವವನ್ನು ಸೂಚಿಸುವ ಜರ್ಮನ್ ಪದದ ಮೂಲದಲ್ಲಿಯೇ ಮನೆ ಎಂಬ ಅರ್ಥ ಅಡಗಿದೆ. ಗೀಗರ್ ಅವರ ವಿನ್ಯಾಸಕ್ಕೆ ಈ ವಿವರಣೆ ಚೆನ್ನಾಗಿ ಒಪ್ಪುತ್ತದೆ. ಜೀವಿಯ ಯಾವ ಅಂಗವೂ ನಮಗೆ ಹೊಸದಲ್ಲ. ಬೆರಳು, ಪಕ್ಕೆಲುಬು, ಹಲ್ಲು, ಬೆನ್ನುಮೂಳೆ ಎಲ್ಲವೂ ನಮ್ಮ ದೇಹದಲ್ಲಿರುವಂತಹವೇ. ಅವು ಇರಬಾರದ ಜಾಗದಲ್ಲಿ ಇವೆ ಎಂಬುದೇ ಭಯಕ್ಕೆ ಕಾರಣ.

ಬಾರ್ಬರಾ ಕ್ರೀಡ್ ಅವರು 1993ರಲ್ಲಿ ಪ್ರಕಟಿಸಿದ ದ ಮಾನ್‌ಸ್ಟ್ರಸ್ ಫೆಮಿನಿನ್ ಎಂಬ ಗ್ರಂಥದಲ್ಲಿ, ಈ ಚಿತ್ರದ ಗುಹೆ, ಮೊಟ್ಟೆ ಮತ್ತು ಜನನದ ಬಿಂಬಗಳನ್ನು ಸ್ತ್ರೀವಾದಿ ಮತ್ತು ಮನೋವಿಶ್ಲೇಷಣಾ ದೃಷ್ಟಿಯಿಂದ ವಿವರಿಸಿದ್ದಾರೆ. ಗರ್ಭ ಮತ್ತು ಹೆರಿಗೆಯ ನೋವು ಇಲ್ಲಿ ಪುರುಷನೊಬ್ಬನ ದೇಹದಲ್ಲಿ ಘಟಿಸುವುದು ವಿಮರ್ಶಕರ ನಿರಂತರ ಚರ್ಚೆಯ ವಸ್ತುವಾಗಿದೆ.

ಭಾರತೀಯ ಕಾವ್ಯಮೀಮಾಂಸೆಯ ಪರಿಚಯವಿರುವ ಓದುಗರು ಇದನ್ನು ರಸಗಳ ಪರಿಭಾಷೆಯಲ್ಲಿಯೂ ಅರ್ಥೈಸಿಕೊಳ್ಳಬಹುದು. ನಾಟ್ಯಶಾಸ್ತ್ರದ ಪ್ರಕಾರ ಭಯವು ಭಯಾನಕ ರಸಕ್ಕೂ, ಜುಗುಪ್ಸೆಯು ಬೀಭತ್ಸ ರಸಕ್ಕೂ, ವಿಸ್ಮಯವು ಅದ್ಭುತ ರಸಕ್ಕೂ ಸ್ಥಾಯಿಭಾವಗಳು. ಸಾಮಾನ್ಯ ಭಯಾನಕ ಚಿತ್ರಗಳಲ್ಲಿ ಮೊದಲಿನ ಎರಡು ಭಾವಗಳಷ್ಟೇ ಇರುತ್ತವೆ. ಏಲಿಯನ್ ಚಿತ್ರದ ವಿನ್ಯಾಸದಲ್ಲಿ ಮೂರನೆಯದೂ ಸೇರಿದೆ. ಚಾಲಕನ ಶವದ ಮುಂದೆ ನಿಂತ ಸಿಬ್ಬಂದಿ ಹೆದರುವುದಕ್ಕೆ ಮುನ್ನ ಬೆರಗಾಗುತ್ತಾರೆ. ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡವನೂ ಬೆರಳಸಂದಿಯಿಂದ ಇಣುಕಿ ನೋಡುವುದು ಈ ಬೆರಗಿನ ಸೆಳೆತದಿಂದಲೇ.

ಪ್ರಶಸ್ತಿ ಮತ್ತು ಮನ್ನಣೆ

ಚಿತ್ರವು 1979ರ ಮೇ 25ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. 1980ರಲ್ಲಿ ನಡೆದ 52ನೆಯ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ಅತ್ಯುತ್ತಮ ದೃಶ್ಯ ಪರಿಣಾಮಗಳ ಪ್ರಶಸ್ತಿಯನ್ನು ಎಚ್. ಆರ್. ಗೀಗರ್, ಕಾರ್ಲೊ ರಾಂಬಾಲ್ಡಿ, ಬ್ರಯಾನ್ ಜಾನ್ಸನ್, ನಿಕ್ ಆಲ್ಡರ್ ಮತ್ತು ಡೆನಿಸ್ ಏಲಿಂಗ್ ಹಂಚಿಕೊಂಡರು. ಕಲಾ ನಿರ್ದೇಶನ ವಿಭಾಗದಲ್ಲಿ ಸೀಮೋರ್, ಡಿಲೆ, ಕ್ರಿಶ್ಚಿಯನ್ ಮತ್ತು ಸೆಟ್ ಅಲಂಕಾರಕ ಇಯಾನ್ ವಿಟೇಕರ್ ಅವರ ಹೆಸರುಗಳು ನಾಮನಿರ್ದೇಶನಗೊಂಡಿದ್ದವು. 2002ರಲ್ಲಿ ಈ ಚಿತ್ರವನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಲಾಯಿತು.

ಮುಂದಿನ ಚಿತ್ರಗಳು ಮತ್ತು ಕಲಾವಿದನ ಹೆಸರಿನ ಪ್ರಶ್ನೆ

ಜೇಮ್ಸ್ ಕ್ಯಾಮರನ್ ನಿರ್ದೇಶಿಸಿದ ಏಲಿಯನ್ಸ್ (1986) ಚಿತ್ರಕ್ಕೆ ಗೀಗರ್ ಅವರನ್ನು ಆಹ್ವಾನಿಸಲಿಲ್ಲ. ಅದರಲ್ಲಿ ಬರುವ ರಾಣಿ ಜೀವಿಯನ್ನು ಕ್ಯಾಮರನ್ ಸ್ವತಃ ಚಿತ್ರಿಸಿದರು. ಸ್ಟ್ಯಾನ್ ವಿನ್‌ಸ್ಟನ್ ಅವರ ತಂಡ ಅದನ್ನು ನಿರ್ಮಿಸಿತು. ಮೂರನೆಯ ಚಿತ್ರಕ್ಕೆ (1992) ಗೀಗರ್ ಹೊಸ ರೇಖಾಚಿತ್ರಗಳನ್ನು ರಚಿಸಿಕೊಟ್ಟರೂ, ತಮ್ಮ ಹೊಸ ಕೆಲಸಕ್ಕೆ ತಕ್ಕ ಮನ್ನಣೆ ಹೆಸರುಪಟ್ಟಿಯಲ್ಲಿ ದೊರೆಯಲಿಲ್ಲವೆಂದು ಅಸಮಾಧಾನ ವ್ಯಕ್ತಪಡಿಸಿದರು. ನಾಲ್ಕನೆಯ ಚಿತ್ರ ಏಲಿಯನ್ ರಿಸರೆಕ್ಷನ್ (1997) ಚಿತ್ರಮಂದಿರಗಳಲ್ಲಿ ತೆರೆಕಂಡಾಗ ಅದರ ಹೆಸರುಪಟ್ಟಿಯಲ್ಲಿ ಗೀಗರ್ ಅವರ ಹೆಸರೇ ಇರಲಿಲ್ಲ. ಅವರು ಬಹಿರಂಗ ಪತ್ರದ ಮೂಲಕ ಇದನ್ನು ಪ್ರತಿಭಟಿಸಿದರು.

ಪರಿಕಲ್ಪನಾ ಚಿತ್ರಕಾರರ ವೃತ್ತಿಯಲ್ಲಿರುವ ಒಂದು ಮೂಲಭೂತ ಸಮಸ್ಯೆಯನ್ನು ಈ ಪ್ರಸಂಗ ತೋರಿಸುತ್ತದೆ. ಕಾದಂಬರಿಕಾರನ ಹೆಸರು ಪುಸ್ತಕದ ಮೇಲಿರುತ್ತದೆ. ನಿರ್ದೇಶಕನ ಹೆಸರು ಭಿತ್ತಿಪತ್ರದ ಮೇಲಿರುತ್ತದೆ. ಪರಿಕಲ್ಪನಾ ಚಿತ್ರವು ಸೆಟ್ಟಾಗಿ, ಉಡುಪಾಗಿ, ಗೊಂಬೆಯಾಗಿ ಅನೇಕರ ಕೈಗಳಲ್ಲಿ ರೂಪಾಂತರ ಹೊಂದುತ್ತಾ ಹೋದಂತೆ, ಮೊದಲು ರೇಖೆ ಎಳೆದವನ ಹೆಸರು ಹಿಂದೆ ಸರಿಯುತ್ತದೆ. ರೂಪವು ಲೋಕಪ್ರಸಿದ್ಧವಾದಷ್ಟೂ ಅದು ಯಾರೊಬ್ಬರದೂ ಅಲ್ಲವೆಂಬಂತೆ ತೋರುತ್ತದೆ. ಗೀಗರ್ ಅವರ ಶೈಲಿಯು ಯಾರೂ ಗುರುತಿಸಬಲ್ಲಷ್ಟು ಸ್ವಂತದ್ದಾಗಿದ್ದುದರಿಂದ ಅವರ ಹೆಸರು ಉಳಿದುಕೊಂಡಿತು. ಅಂತಹ ಭಾಗ್ಯ ಎಲ್ಲ ಪರಿಕಲ್ಪನಾ ಕಲಾವಿದರಿಗೂ ಒದಗಿಲ್ಲ.

ಸ್ಕಾಟ್ ಅವರೇ ನಿರ್ದೇಶಿಸಿದ ಪ್ರಮೀತಿಯಸ್ (2012) ಚಿತ್ರವು ಪಾಳು ನೌಕೆಯ ಚಾಲಕನ ರಹಸ್ಯವನ್ನು ಬಿಡಿಸಲು ಯತ್ನಿಸಿತು. ಮೂಳೆಯೆಂದು ಕಂಡಿದ್ದು ಒಂದು ಕವಚ, ಅದರೊಳಗೆ ಮನುಷ್ಯರನ್ನು ಹೋಲುವ ದೈತ್ಯನಿದ್ದ ಎಂಬುದು ಅದರ ವಿವರಣೆ. ಇದರಿಂದ ಕಥೆಗೆ ವಿಸ್ತಾರ ಬಂದಿತೆಂದು ಕೆಲವರು ಮೆಚ್ಚಿದರೆ, ಉತ್ತರ ದೊರೆತೊಡನೆ ಹಳೆಯ ಬೆರಗು ಕಡಿಮೆಯಾಯಿತೆಂದು ಇನ್ನು ಕೆಲವರು ಆಕ್ಷೇಪಿಸಿದರು.

ಪ್ರಭಾವ

ಏಲಿಯನ್ ನಂತರದ ವೈಜ್ಞಾನಿಕ ಚಿತ್ರಗಳಲ್ಲಿ ಮೂಳೆ ಮತ್ತು ಯಂತ್ರಗಳನ್ನು ಬೆಸೆಯುವ ಶೈಲಿ ವ್ಯಾಪಕವಾಯಿತು. 1986ರ ಮೆಟ್ರಾಯ್ಡ್ ಎಂಬ ಜಪಾನಿ ವಿಡಿಯೋ ಆಟದಲ್ಲಿ ಈ ಚಿತ್ರದ ಪ್ರಭಾವ ಸ್ಪಷ್ಟವಾಗಿದ್ದು, ಅದರ ಖಳ ಪಾತ್ರವೊಂದರ ಹೆಸರೇ ರಿಡ್ಲಿ. 1992ರ ಡಾರ್ಕ್ ಸೀಡ್ ಆಟದಲ್ಲಿ ಗೀಗರ್ ಅವರ ಚಿತ್ರಗಳನ್ನೇ ನೇರವಾಗಿ ಬಳಸಲಾಯಿತು. ಸ್ಪೀಷೀಸ್ (1995) ಚಿತ್ರದ ಜೀವಿಯನ್ನೂ ಅವರೇ ವಿನ್ಯಾಸಗೊಳಿಸಿದರು.

ಪರಿಕಲ್ಪನಾ ಚಿತ್ರಗಳನ್ನು ಸ್ವತಂತ್ರ ಕಲಾಕೃತಿಗಳಾಗಿ ನೋಡುವ ಅಭ್ಯಾಸವನ್ನೂ ಈ ಚಿತ್ರ ಬೆಳೆಸಿತು. ಗೀಗರ್ ಅ್ಯಂಡ್ ಏಲಿಯನ್ ಸಂಬಂಧಿತ ರೇಖಾಚಿತ್ರಗಳ ಪುಸ್ತಕಗಳು ಚಿತ್ರ ತೆರೆಕಂಡ ವರ್ಷವೇ ಹೊರಬಂದವು. 1998ರಲ್ಲಿ ಸ್ವಿಟ್ಜರ್ಲೆಂಡಿನ ಗ್ರುಯೇರ್ ಎಂಬ ಹಳೆಯ ಊರಿನಲ್ಲಿ ಗೀಗರ್ ವಸ್ತುಸಂಗ್ರಹಾಲಯ ಆರಂಭವಾಯಿತು. ಗಿಣ್ಣಿಗೆ ಹೆಸರಾದ ಆ ಊರಿನಲ್ಲಿ ಅವರ ವರ್ಣಚಿತ್ರಗಳು, ಶಿಲ್ಪಗಳು ಮತ್ತು ಪೀಠೋಪಕರಣಗಳು ಪ್ರದರ್ಶನಕ್ಕಿವೆ. ಪಕ್ಕದಲ್ಲಿರುವ ಗೀಗರ್ ಬಾರ್‌ನ ಚಾವಣಿಯನ್ನು ಬೆನ್ನುಮೂಳೆಯಂತಹ ಕಮಾನುಗಳು ಹೊತ್ತಿವೆ.

ಗೀಗರ್ 2014ರ ಮೇ 12ರಂದು ಜ್ಯೂರಿಕ್ ನಗರದಲ್ಲಿಯೂ, ರಾನ್ ಕಾಬ್ 2020ರ ಸೆಪ್ಟೆಂಬರ್ 21ರಂದು ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿಯೂ ನಿಧನರಾದರು. ಉಡುಪಿನೊಳಗಿದ್ದ ಬೊಲಾಜಿ ಬಡೇಜೊ 1992ರಲ್ಲಿಯೇ ತೀರಿಕೊಂಡಿದ್ದರು. ಇವರು ರೂಪಿಸಿದ ಜೀವಿಯು 2024ರ ಏಲಿಯನ್: ರಾಮ್ಯುಲಸ್ ಚಿತ್ರದವರೆಗೂ, ಮೂಲ ರೂಪದಲ್ಲಿ ಹೆಚ್ಚಿನ ಬದಲಾವಣೆಯಿಲ್ಲದೆ ತೆರೆಯ ಮೇಲೆ ಮುಂದುವರಿದಿದೆ.